ಬಂತಾ ದೊಡ್ಡಮ್ಮ?

ಗೊತ್ತಿರುವುದು ಬೇರೆ, ಕೈಗೆ ಬರುವುದು ಬೇರೆ ಎಂಬ ಸತ್ಯ ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಮಧುಗಿರಿಯ ನಮ್ಮ ಮನೆಯ ತಾರಸಿಯ ಮೇಲೆ, ಸ್ಪ್ಯಾನರ್ ಹಿಡಿದು ಬಿಸಿಲಲ್ಲಿ ನಿಂತಿದ್ದಾಗ. ಶಿರಾದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಕಿರಣ ಹೇಗೆ ಪ್ರತಿಫಲಿಸುತ್ತದೆ, ಬಾಗಿದ ತಟ್ಟೆಯೊಂದು ದೂರದಿಂದ ಬಂದ ತರಂಗಗಳನ್ನು ಹೇಗೆ ಒಂದೇ ಬಿಂದುವಿಗೆ ತಂದು ಕೂಡಿಸುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ನನ್ನ ಕೈಗೆ ಅದು ಅಭ್ಯಾಸವಾಗಿಹೋಗಿದೆ. ಕಣ್ಣು ಮುಚ್ಚಿಕೊಂಡು ಬರೆದರೂ ಬಿಂದು ಬೀಳಬೇಕಾದ ಕಡೆಯೇ ಬೀಳುತ್ತದೆ. ಬೋರ್ಡಿನ ಮೇಲೆ ನಾನು ಎಳೆದ ಕಿರಣ ಇಲ್ಲಿಯವರೆಗೂ ಒಂದು ಸಲವೂ ನನ್ನ ಮಾತು ಮೀರಿ ಹೋದದ್ದಿಲ್ಲ. ಆಕಾಶದಿಂದ ಬರುವ ಕಿರಣಕ್ಕೆ ಮಾತ್ರ ನಾನು ಮೇಷ್ಟ್ರು ಎಂಬ ವಿಷಯವನ್ನು ಯಾರೂ ತಿಳಿಸಿದಂತೆ ಕಾಣಲಿಲ್ಲ.

ಇದೆಲ್ಲ ಶುರುವಾದದ್ದು ನಮ್ಮ ದೊಡ್ಡಮ್ಮನಿಂದ. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ಪಾವಗಡದ ಕಡೆಯವಳು. ನನಗೆ ಏಳು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನಾನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ, ಅವಳ ಮಕ್ಕಳ ಜೊತೆ ಒಬ್ಬನಾಗಿ, ಒದೆ ತಿನ್ನುವುದರಲ್ಲೂ ಮುದ್ದೆ ತಿನ್ನುವುದರಲ್ಲೂ ಸಮಪಾಲು ಪಡೆದು. ಅಂಥ ದೊಡ್ಡಮ್ಮ ಕಳೆದ ವರ್ಷ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ತುಮಕೂರಿನಲ್ಲಿ ಆಪರೇಷನ್ ಆಯಿತು. ಅವಳ ಮನೆಯಲ್ಲಿ ಆಗ ಮೊಮ್ಮಗಳು ಹೆರಿಗೆಗೆ ಬಂದಿದ್ದಳು. ಒಂದೇ ಸೂರಿನಡಿ ಬಾಣಂತಿಯನ್ನೂ ಸೊಂಟ ಮುರಿದವಳನ್ನೂ ನೋಡಿಕೊಳ್ಳುವುದು ಕಷ್ಟ ಎಂದು, ನಾನೂ ನನ್ನ ಹೆಂಡತಿ ಸುಮಳೂ ಹೋಗಿ ದೊಡ್ಡಮ್ಮನನ್ನು ಮಧುಗಿರಿಗೆ ಕರೆತಂದೆವು. ಡಾಕ್ಟರು ಬೀಳ್ಕೊಡುವಾಗ ಒಂದು ಮಾತು ಹೇಳಿದ್ದರು. "ನಮ್ಮ ಕೆಲಸ ಚೆನ್ನಾಗಿ ಆಗಿದೆ. ಇನ್ನು ಇವರು ದಿನಾ ಎದ್ದು ನಡೀಬೇಕು. ಹೆದರಿಕೊಂಡು ಒಂದು ತಿಂಗಳು ಮಲಗಿಬಿಟ್ರೆ, ಆಮೇಲೆ ಮಲಗೇ ಇರಬೇಕಾಗುತ್ತೆ."

ದೊಡ್ಡಮ್ಮ ಹೆದರಿಕೊಂಡು ಮಲಗಿಬಿಟ್ಟಳು. ಹಾಲಿನಲ್ಲಿ ಮಂಚ ಹಾಕಿಕೊಟ್ಟಿದ್ದೆವು. ಪಕ್ಕದಲ್ಲಿ ಆಸ್ಪತ್ರೆಯವರು ಬರೆದುಕೊಟ್ಟಿದ್ದ ನಾಲ್ಕು ಕಾಲಿನ ವಾಕರ್. ಅದನ್ನು ಅವಳು ಕಬ್ಬಿಣದ ಮೇಕೆ ಎಂದು ಕರೆದಳೇ ಹೊರತು ಕೈಯಲ್ಲಿ ಮುಟ್ಟಲಿಲ್ಲ. ನಾನು ಒಂದು ಕಡೆ, ಸುಮ ಒಂದು ಕಡೆ ಹಿಡಿದು ಎಬ್ಬಿಸಿದರೆ ಅಡಿಗೆಮನೆಯ ಬಾಗಿಲವರೆಗೆ ನಾಲ್ಕು ಹೆಜ್ಜೆ ಇಟ್ಟು, "ಚಾಲು ನಾಯನಾ, ಚಾಲು" ಎಂದು ಸಾಕು ಮಾಡಿ ಕೂತುಬಿಡುವಳು. ನೋವಿಗಿಂತ ಹೆಚ್ಚಾಗಿ ಇನ್ನೊಂದು ಸಲ ಬಿದ್ದೇನೆಂಬ ಭಯ. ಐವತ್ತು ವರ್ಷ ಮೇಕೆ, ಹೊಲ, ಬಾವಿ ಎಂದು ಕಾಲಿಗೆ ಬಿಡುವು ಕೊಡದೆ ಓಡಾಡಿದ ಹೆಂಗಸು ಚಾವಣಿ ನೋಡುತ್ತ ಮಲಗಿರುವುದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಅವಳು ಬಾಯಿ ಬಿಟ್ಟು ಕೇಳಿದ್ದು ಒಂದೇ. "ಲೇ ಮೂರ್ತಿ, ಇಷ್ಟು ದೊಡ್ಡ ಟೀವಿ ಇಟ್ಕೊಂಡಿದೀಯಲ್ಲೋ, ಅದರಾಗೆ ನನ್ ತೆಲುಗು ಸೀರಿಯಲ್ ಬರಾಂಗಿಲ್ವಾ?"

ಬರುತ್ತಿರಲಿಲ್ಲ. ತೆಲುಗು ಇರಲಿ, ಯಾವ ಭಾಷೆಯದೂ ಬರುತ್ತಿರಲಿಲ್ಲ. ನಮ್ಮ ಬೀದಿ ಅಗಲ ಮಾಡುವಾಗ ಕೇಬಲ್ ತಂತಿ ಕಿತ್ತು ಹಾಕಿದ್ದರು. ಕೇಬಲ್ ನಡೆಸುತ್ತಿದ್ದವರು ಆ ವ್ಯವಹಾರವನ್ನೇ ಬಿಟ್ಟು ಹೋಟೆಲ್ ಇಟ್ಟಿದ್ದರು. ನಮ್ಮ ಟಿ.ವಿ. ಎಂಟು ತಿಂಗಳಿಂದ ಗೋಡೆಯ ಮೇಲೆ ಸುಮ್ಮನೆ ಕಪ್ಪಗೆ ಕೂತಿತ್ತು. ನಾನು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಟಿ.ವಿ.ಗೆ ಯಾವ ಸೆಟ್‌ಟಾಪ್ ಡಬ್ಬ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಕೇಳಿದೆ. ಕೇಳಬಾರದಿತ್ತು. ನಮ್ಮಲ್ಲಿ ಸಿಲಬಸ್ ಬಗ್ಗೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಡಬ್ಬದ ಬಗ್ಗೆ ಕೇಳಿದರೆ ಹನ್ನೆರಡು ಜನಕ್ಕೆ ಹದಿನಾಲ್ಕು ಅಭಿಪ್ರಾಯ. ತಿಂಗಳ ಚಂದಾ ಇಲ್ಲದ ಡಿಶ್ ತಟ್ಟೆ ಹಾಕಿಸಿ ಎಂದರು ಒಬ್ಬರು; ಅದರಲ್ಲಿ ಬೇಕಾದ್ದು ಬಿಟ್ಟು ಬೇರೆಲ್ಲ ಬರುತ್ತದೆ ಎಂದರು ಇನ್ನೊಬ್ಬರು. ಬರಗೂರಿನಿಂದ ಬರುವ ಡ್ರಿಲ್ ಮಾಸ್ತರು ರಂಗಸ್ವಾಮಿ, "ಸಾರ್, ತಟ್ಟೆಗಿಟ್ಟೆ ಎಲ್ಲ ಹಳೇದಾಯ್ತು, ಇಂಟರ್ನೆಟ್ಟಿಂದು ಹಾಕ್ಸ್‌ಬುಡಿ. ನಮ್ಮನೇಲಿ ಅದೇ ಐತೆ" ಎಂದರು. ಹೇಗೆ ಬರುತ್ತದೆ ಎಂದು ಕೇಳಿದರೆ, "ಬಂದಾಗ ಬೊಂಬಾಟಾಗಿ ಬತ್ತದೆ" ಎಂದು ಕಿಟಕಿಯ ಕಡೆ ತಿರುಗಿಕೊಂಡರು. ನಾನು ಪ್ರಯೋಗದ ಪುಸ್ತಕದ ಹಾಳೆಯಲ್ಲಿ ಗೆರೆ ಹಾಕಿ, ಅನುಕೂಲ ಅನನುಕೂಲ ಎಂದು ಕೋಷ್ಟಕ ಬರೆದೆ. ನಾಲ್ಕು ದಿನವಾದರೂ ತೀರ್ಮಾನ ಎಂಬ ಕೊನೆಯ ಮನೆ ಖಾಲಿಯಾಗಿಯೇ ಉಳಿಯಿತು.

ಆ ಮನೆ ತುಂಬಿಸಿದವರು ಬಶೀರ್ ಸಾಬರು. ಶಿರಾ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಟಿ.ವಿ. ರಿಪೇರಿ ಅಂಗಡಿ. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ, ಸುತ್ತ ಬಿಚ್ಚಿಟ್ಟ ಡಬ್ಬಗಳು. ನನ್ನ ಕೋಷ್ಟಕವನ್ನು ಕೈಗೆ ತೆಗೆದುಕೊಂಡು, ನಮ್ಮ ಹುಡುಗರ ಉತ್ತರಪತ್ರಿಕೆಯನ್ನು ನಾನು ನೋಡುವಂತೆ ಮೇಲಿಂದ ಕೆಳಗೆ ನೋಡಿ, ಮಡಿಸಿ ವಾಪಸ್ ಕೊಟ್ಟರು. "ಮೇಷ್ಟ್ರೇ, ಡಬ್ಬ ಯಾವ್ದಾದ್ರೂ ಡಬ್ಬಾನೇ. ಮನೇಲಿ ಕೂತು ನೋಡೋರು ಯಾರು, ಅವ್ರಿಗೆ ಏನು ಬೇಕು, ಅಷ್ಟು ಹೇಳಿ ಸಾಕು." ನಾನು ದೊಡ್ಡಮ್ಮನ ವಿಷಯ ಹೇಳಿದೆ. ಅವರು ತೆಲುಗು ಚಾನೆಲ್ಲುಗಳು ಚೆನ್ನಾಗಿ ಬರುವ ಒಂದು ಡಬ್ಬವನ್ನೂ ತಟ್ಟೆಯನ್ನೂ ಎತ್ತಿಟ್ಟು, "ಭಾನುವಾರ ನಾನೇ ಬಂದು ಕೂರಿಸಿಕೊಡ್ತೀನಿ" ಎಂದರು. ಇಲ್ಲಿ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ನಿಂತ. ತಟ್ಟೆ ಎಂದರೇನು, ನಿಮ್ನ ದರ್ಪಣದ ತಮ್ಮ ತಾನೇ? ಅಷ್ಟು ದೂರದಿಂದ ವಯಸ್ಸಾದವರನ್ನು ಏಕೆ ಕರೆಸಬೇಕು? "ಬೇಡಿ ಸಾಬರೇ, ನಾನೇ ಕೂರಿಸ್ಕೋತೀನಿ. ಇದನ್ನೇ ಅಲ್ವೇ ನಾನು ಪಾಠ ಮಾಡೋದು" ಎಂದೆ. ಅವರು ನಗಲಿಲ್ಲ. ಡಬ್ಬದ ಮೇಲೆ ತಮ್ಮ ಫೋನ್ ನಂಬರನ್ನು ದೊಡ್ಡದಾಗಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದುಕೊಟ್ಟರು.

ತಟ್ಟೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದೊಡ್ಡೇರಿಗೆ ಹೋಗುತ್ತಿದ್ದ ಹೆಂಗಸೊಬ್ಬರು, ತಟ್ಟೆಯ ಅಂಚು ಪಕ್ಕೆಗೆ ಚುಚ್ಚಿದರೂ ಬೇಸರ ಮಾಡಿಕೊಳ್ಳದೆ, "ಯಾರ ಮನೇಲಿ ಸಾರ್ ಊಟ, ಇಷ್ಟು ದೊಡ್ಡ ತಟ್ಟೆ" ಎಂದು ಕೇಳಿದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ನಗುವುದಕ್ಕೆ ನನಗೇನೂ ತೊಂದರೆ ಇರಲಿಲ್ಲ.

ಶನಿವಾರ ಮಧ್ಯಾಹ್ನ ತಾರಸಿ ಹತ್ತಿದೆ. ತಟ್ಟೆಯ ಮುಖ ಆಗ್ನೇಯಕ್ಕೆ ಇರಬೇಕು ಎಂದು ಜೊತೆಗೆ ಕೊಟ್ಟಿದ್ದ ಕಾಗದದಲ್ಲಿತ್ತು. ದಿಕ್ಕಿನಲ್ಲಿ ಅಂದಾಜು ಕೂಡದು ಎಂದು ಶಾಲೆಯ ಲ್ಯಾಬಿನಿಂದ ದಿಕ್ಸೂಚಿಯನ್ನೇ ತಂದಿದ್ದೆ. ಮುಂದೆಂದಾದರೂ ಮೇಲೆ ಎರಡು ಕೋಣೆ ಕಟ್ಟಿಸೋಣವೆಂದು ಬಿಟ್ಟಿರುವ ಕಂಬಿಗಳು ನಮ್ಮ ತಾರಸಿಯ ಮೂಲೆಯಲ್ಲಿ ಎದ್ದು ನಿಂತಿವೆ. ಆ ಕಂಬಿಗಳ ನೆರಳಲ್ಲೇ ದಿಕ್ಸೂಚಿ ಇಟ್ಟು, ಮುಳ್ಳು ನಿಲ್ಲುವವರೆಗೂ ಉಸಿರು ಬಿಗಿಹಿಡಿದು, ಗೆರೆ ಎಳೆದು, ಅದರಂತೆ ತಟ್ಟೆ ನಿಲ್ಲಿಸಿದೆ. ಕೆಳಗೆ ಸುಮ ಟಿ.ವಿ. ಮುಂದೆ. "ಬಂತಾ?" ಎಂದು ನಾನು ಕೂಗುವುದು, "ಇಲ್ಲಾ ರೀ" ಎಂದು ಅವಳು ಕೂಗುವುದು. ಒಂದು ಬೆರಳಿನಷ್ಟು ತಿರುಗಿಸುವುದು, ಮತ್ತೆ ಕೂಗುವುದು. ಶನಿವಾರ ಹೀಗೇ ಮುಗಿಯಿತು. ಭಾನುವಾರವೂ ಮುಗಿಯಿತು. ಭಾನುವಾರ ಸಂಜೆಯ ಹೊತ್ತಿಗೆ ಎದುರು ಮನೆಯವರು ಕುರ್ಚಿ ಹಾಕಿಕೊಂಡು ಕೂತು ನೋಡತೊಡಗಿದ್ದರು. ಅವರ ಮನೆಯಲ್ಲಿ ಟಿ.ವಿ. ಚೆನ್ನಾಗಿಯೇ ಬರುತ್ತಿತ್ತು, ಆದರೂ ಅದನ್ನು ಆರಿಸಿ ಬಂದಿದ್ದರು.

ಸೋಮವಾರ ಯಾವುದೋ ಹಬ್ಬದ ರಜೆ. ಸುಮ ಬೆಳಿಗ್ಗೆಯೇ ಕೊರಟಗೆರೆಗೆ, ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಹೋದಳು. ಮನೆಯಲ್ಲಿ ನಾನು, ದೊಡ್ಡಮ್ಮ, ತಟ್ಟೆ. ಮೂರು ಗಂಟೆಗೆ ಮತ್ತೆ ಹತ್ತಿದೆ. ಈ ಸಲ ದಿಕ್ಸೂಚಿಯ ಸಹವಾಸ ಬೇಡವೆಂದು, ಎದುರು ಮನೆಯ ತಟ್ಟೆ ಯಾವ ಕಡೆ ನೋಡುತ್ತಿದೆಯೋ ಆ ಕಡೆಗೇ ನಮ್ಮದನ್ನೂ ತಿರುಗಿಸಿದೆ. ಪರೀಕ್ಷೆಯಲ್ಲಿ ಪಕ್ಕದವನ ಪೇಪರು ನೋಡಿ ಬರೆಯುವುದೆಂದರೆ ಇದೇ. ಎಷ್ಟೋ ಮಕ್ಕಳನ್ನು ನಾನು ಇದಕ್ಕಾಗಿ ಹೊರಗೆ ನಿಲ್ಲಿಸಿದ್ದೇನೆ. ತಿರುಗಿಸುತ್ತ "ಬಂತಾ ದೊಡ್ಡಮ್ಮ?" ಎಂದು ಕೂಗಿದೆ. ಒಳಗಿನಿಂದ ಏನೋ ಸದ್ದು ಬಂತು, ಕೇಳಿಸಲಿಲ್ಲ. ಫೋನ್ ಮಾಡೋಣವೆಂದರೆ ಅದನ್ನು ಟಿ.ವಿ. ಪಕ್ಕದಲ್ಲೇ ಚಾರ್ಜಿಗೆ ಹಾಕಿ ಬಂದಿದ್ದೆ. ಇನ್ನಷ್ಟು ತಿರುಗಿಸಿ ಇನ್ನೂ ಜೋರಾಗಿ ಕೂಗಿದೆ. ಮತ್ತೆ ಅದೇ ಗೊಣಗಾಟ. ಹೀಗೆ ಐದಾರು ಸಲ ಆಗಿರಬೇಕು. ಆಮೇಲೆ ನನ್ನ ಕಾಲ ಬುಡದಿಂದಲೇ ಬಂದಂತೆ ಸ್ಪಷ್ಟವಾದ ಒಂದು ದನಿ ಕೇಳಿಸಿತು.

"ಒರೇಯ್, ಬಂದಿತ್ತು ಕಣೋ. ಬಂತು ಬಂತು ಅಂತ ನಾನು ಒಳಗಿಂದ ಬಡ್ಕೊಂತಿದೀನಿ, ನೀನು ತಿರುಗಿಸಿ ತಿರುಗಿಸಿ ಕಳೀತಿದೀಯ. ಕಿವಿ ಏನಾತು ನಿಂಗೆ?"

ಬಗ್ಗಿ ನೋಡಿದೆ. ಮುಂಬಾಗಿಲು ದಾಟಿ, ಜಗಲಿಯ ಮೇಲೆ, ಕಬ್ಬಿಣದ ಮೇಕೆಯನ್ನು ಎರಡು ಕೈಯಲ್ಲೂ ಹಿಡಿದು, ತಲೆ ಮೇಲೆತ್ತಿ ನನ್ನನ್ನು ಬೈಯುತ್ತ ದೊಡ್ಡಮ್ಮ ನಿಂತಿದ್ದಳು. ಮಂಚದಿಂದ ಜಗಲಿಗೆ ಹದಿನೈದು ಹೆಜ್ಜೆಯಾದರೂ ಇದೆ, ನಡುವೆ ಒಂದು ಹೊಸಿಲು ಬೇರೆ. ಯಾರೂ ಹಿಡಿದಿರಲಿಲ್ಲ. ನನ್ನ ಮೇಲಿನ ಸಿಟ್ಟಿನಲ್ಲಿ ಅವಳಿಗೆ ತಾನು ಎದ್ದು ಬಂದದ್ದರ ಪರಿವೆಯೇ ಇದ್ದಂತಿರಲಿಲ್ಲ. ನನ್ನ ಕಣ್ಣು ತುಂಬಿಬಂತು. ಹಾಗೇ ಇಳಿದು ಓಡಿಹೋಗಿ ಹಿಡಿದುಕೊಳ್ಳೋಣ ಎನಿಸಿತು. ಆದರೆ ನಾನು ಗಾಬರಿಯಾದರೆ ಅವಳಿಗೂ ನೆನಪಾಗುತ್ತದೆ, ನೆನಪಾದರೆ ಭಯವಾಗುತ್ತದೆ, ಭಯವಾದರೆ ಬೀಳುತ್ತಾಳೆ. ಪ್ಯಾರಪೆಟ್ ಗೋಡೆ ಹಿಡಿದುಕೊಂಡು, ಆದಷ್ಟು ಸಾಧಾರಣ ದನಿಯಲ್ಲಿ, "ಈಗ ಸರಿ ಮಾಡಿದೀನಿ, ಒಂದು ಸಲ ನೋಡಿ ಬಂದು ಹೇಳ್ತೀಯಾ ದೊಡ್ಡಮ್ಮ?" ಎಂದೆ. ಅವಳು ಗೊಣಗುತ್ತ ಒಳಗೆ ಹೋದಳು. ಟಕ್, ಟಕ್ ಎಂದು ವಾಕರಿನ ಸದ್ದು ಹೋಗುವುದನ್ನೂ ಬರುವುದನ್ನೂ ಕೇಳಿಸಿಕೊಂಡೆ. "ಬಂದೈತೆ. ಇನ್ನ ಮುಟ್ಟಬ್ಯಾಡ, ಇಳಿ" ಎಂದಳು.

ನಾನು ಮುಟ್ಟಿದೆ. ಒಂದು ಬೆರಳು ಎಡಕ್ಕೆ ಸರಿಸಿ, "ಈಗಲೂ ಇದೆಯಾ?" ಎಂದೆ. ಟಕ್, ಟಕ್. "ಪೋಯಿಂದಿ", ಹೋಯಿತು ಎಂದು ಬಾಗಿಲಿನಿಂದ ತೆಲುಗಿನಲ್ಲಿ ಉತ್ತರ ಬಂತು. ದೊಡ್ಡಮ್ಮನಿಗೆ ಸಿಟ್ಟು ಹೆಚ್ಚಾದಂತೆ ಕನ್ನಡ ಕಡಿಮೆಯಾಗುತ್ತದೆ. ಅಂದು ಸಂಜೆಯೊಳಗೆ ಅವಳು ಒಂಬತ್ತು ಸಲ ಜಗಲಿಗೆ ಬಂದಳು. ಕೊನೆಯ ಎರಡು ಸಲ ಬೈಗುಳ ಪೂರ್ತಿ ತೆಲುಗಿನಲ್ಲೇ ಇತ್ತು.

ಊರಿನಿಂದ ಬಂದ ಸುಮಳಿಗೆ ಅಡಿಗೆಮನೆಯಲ್ಲಿ ಪಿಸುದನಿಯಲ್ಲಿ ಎಲ್ಲ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಮಾರನೆಯ ದಿನ ನಾನು ಶಾಲೆಯಿಂದ ಬಂದು ಕಾಫಿ ಕುಡಿದು ತಾರಸಿ ಹತ್ತಿ, "ಬಂತಾ?" ಎಂದು ಕೂಗಿದಾಗ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಅಡಿಗೆಮನೆಗೆ ಸೇರಿಕೊಂಡು, ಬಾಗಿಲ ಸಂದಿನಲ್ಲಿ ನೋಡಿ ನಂಬಿದಳು. ಅಲ್ಲಿಂದ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಟಿ.ವಿ. ಚೆನ್ನಾಗಿ ಬರಲಿಲ್ಲ. ಬರಲು ನಾನು ಬಿಡಲಿಲ್ಲ. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತಿತ್ತು. ಸಂಜೆ ಐದೂವರೆಗೆ ನಾನು ಮೇಲೆ ಹೋಗಿ ಗಾಳಿಗೆ ಅಲುಗಿದೆ, ಕಾಗೆ ಕೂತಿದೆ, ನಟ್ಟು ಸಡಿಲವಾಗಿದೆ ಎಂದು ಏನಾದರೊಂದು ನೆಪ ಹೇಳಿ ತಿರುಗಿಸುತ್ತಿದ್ದೆ. ಹಾಲಿನ ಕುರ್ಚಿ ಟೇಬಲ್ಲುಗಳನ್ನು ಸುಮ ಗೋಡೆಗೆ ಸರಿಸಿ ದಾರಿ ಮಾಡಿಕೊಟ್ಟಳು. ಹತ್ತನೆಯ ದಿನ ವಾಕರಿನ ಸದ್ದು ಬೇಗ ಬೇಗ ಬರತೊಡಗಿತು. ಹದಿನೈದನೆಯ ದಿನ ಒಂದು ಕೈಯಲ್ಲಿ ವಾಕರ್, ಇನ್ನೊಂದು ಕೈಯನ್ನು ನನ್ನತ್ತ ಬೀಸುತ್ತ ಬಂದಳು. "ನಿಂಗೆ ಸೈನ್ಸ್ ಮೇಷ್ಟ್ರು ಕೆಲಸ ಕೊಟ್ಟೋನು ಯಾವನೋ ನಾಯನಾ? ಆ ಮಕ್ಕಳ ಗತಿ ಏನು?" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದಳು. ಎದುರು ಮನೆಯವರ ಮಗಳು ನನ್ನ ಹತ್ತಿರವೇ ವಿಜ್ಞಾನದ ಟ್ಯೂಷನ್ನಿಗೆ ಬರುತ್ತಾಳೆ. ಆದರೂ ಆ ಮಾತು ನನಗೆ ಸನ್ಮಾನದ ಶಾಲಿನಂತೆ ಬೆಚ್ಚಗಿತ್ತು.

ಕೊನೆಗೆ ಅವಳೇ ಬೇಸತ್ತು, ಡಬ್ಬದ ಮೇಲೆ ಬರೆದಿದ್ದ ನಂಬರನ್ನು ಸುಮಳ ಕೈಯಲ್ಲಿ ಒತ್ತಿಸಿ, ಬಶೀರ್ ಸಾಬರನ್ನು ಕರೆಸಿಬಿಟ್ಟಳು. ಭಾನುವಾರ ಬೆಳಿಗ್ಗೆ ಸಾಬರು ಚೀಲ ಹೆಗಲಿಗೆ ಹಾಕಿಕೊಂಡು ಬಂದಿಳಿದರು. ತಾರಸಿಗೆ ಕರೆದುಕೊಂಡು ಹೋದೆ. ಅವರು ತಟ್ಟೆಯನ್ನು ನೋಡುವ ಮೊದಲು ನೆಲದ ಮೇಲೆ ನಾನು ಎಳೆದಿದ್ದ ಗೆರೆ ನೋಡಿದರು, ಆಮೇಲೆ ಅದರ ಪಕ್ಕದ ಕಂಬಿಗಳನ್ನು ನೋಡಿದರು.

"ಮೇಷ್ಟ್ರೇ, ದಿಕ್ಸೂಚಿ ಇಲ್ಲೇ ಇಟ್ರಾ?"

"ಹೌದು."

"ಕಬ್ಬಿಣದ ಪಕ್ಕ?"

ಕಬ್ಬಿಣದ ಹತ್ತಿರ ದಿಕ್ಸೂಚಿ ಇಡಕೂಡದು ಎಂಬುದು ಆರನೆಯ ತರಗತಿಯ ಪಾಠ. ನಾನು ಹತ್ತನೆಯ ತರಗತಿಯವರಿಗೆ ಪಾಠ ಮಾಡುವವನು ಎಂದು ಮಾತ್ರ ಹೇಳಬಲ್ಲೆ. ಸಾಬರು ಆ ವಿಷಯವನ್ನು ಮುಂದುವರಿಸಲಿಲ್ಲ; ಅದು ಅವರ ದೊಡ್ಡತನ. ಸಿಗ್ನಲ್ ಅಳೆಯುವ ಮೀಟರ್ ತೆಗೆದು ತಂತಿಗೆ ಸಿಕ್ಕಿಸುತ್ತಿದ್ದಂತೆ ನಾನು ಮೆಲ್ಲಗೆ ನನ್ನ ಕೋರಿಕೆ ಮುಂದಿಟ್ಟೆ. ಪೂರ್ತಿ ಸರಿ ಮಾಡುವುದು ಬೇಡ, ದಿನಕ್ಕೆ ಒಂದು ಹತ್ತು ಸಲವಾದರೂ ಹೋಗುವಂತೆ ಅರ್ಧಂಬರ್ಧ ಮಾಡಿ ಕೊಡಿ ಎಂದೆ. ಸಾಬರು ನಾನು ಮನೆಗೆ ಬೆಂಕಿ ಇಡಲು ಹೇಳಿದೆನೇನೋ ಎಂಬಂತೆ ನೋಡಿದರು. ಕಾರಣವನ್ನು ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ನಮ್ಮ ಅಮ್ಮಿ ಬಿದ್ದಾಗ ನಾವು ಅವ್ರನ್ನ ಏಳೋಕೇ ಬಿಡ್ಲಿಲ್ಲ ಮೇಷ್ಟ್ರೇ. ಎಲ್ಲ ಕೂತಲ್ಲಿಗೇ ತಂದುಕೊಟ್ವಿ. ಅದೇ ಸೇವೆ ಅಂದ್ಕೊಂಡಿದ್ವಿ. ಆಮೇಲೆ ಅವ್ರು ಏಳಲೇ ಇಲ್ಲ" ಎಂದರು. ಮತ್ತೆ ಮೀಟರಿನ ಕಡೆ ತಿರುಗಿ, "ಆದ್ರೆ ಅರ್ಧ ಸಿಗ್ನಲ್ ಕೊಟ್ಟು ಹೋಗೋದು ನನ್ ಕೈಲಾಗಲ್ಲ. ಮೂವತ್ತು ವರ್ಷದಾಗೆ ಯಾರಿಗೂ ಕೊಟ್ಟಿಲ್ಲ. ನಾನು ಬಿಲ್ಕುಲ್ ಪೂರ್ತಿ ಕೊಡ್ತೀನಿ. ನಡೆಸೋಕೆ ಬೇರೆ ದಾರಿ ಐತೆ" ಎಂದರು. ಹತ್ತು ನಿಮಿಷದಲ್ಲಿ ಮೀಟರ್ ಕೀಂ ಎಂದು ಒಂದೇ ಸಮನೆ ಕೂಗಿತು. ಕೆಳಗೆ ಬಂದು ನೋಡಿದರೆ, ಟಿ.ವಿ.ಯಲ್ಲಿ ಸೀರಿಯಲ್ಲಿನ ಅತ್ತೆಯ ಮೂಗುತಿಯ ಕಲ್ಲು ಕೂಡ ಹೊಳೆಯುತ್ತಿತ್ತು.

ಸಾಬರು ಟೀ ಕುಡಿಯುತ್ತ ದೊಡ್ಡಮ್ಮನ ಎದುರು ಕೂತು, ಅವಳ ಸೀರಿಯಲ್ಲಿನ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, "ಅಮ್ಮಾ, ಜಾಹೀರಾತು ಬಂದಾಗ ಏನ್ ಮಾಡ್ತೀರಿ?" ಎಂದು ಕೇಳಿದರು.

"ಏನ್ ಮಾಡದು, ಅದನ್ನೂ ನೋಡ್ತೀನಿ."

"ಅದನ್ನ ನೋಡಬ್ಯಾಡಿ. ಸೋಪು, ಪುಡಿ ಮಾರೋರಿಗೆ ನೀವ್ಯಾಕೆ ಕೂತ್ಕೊಂಡು ಮರ್ಯಾದೆ ಕೊಡ್ತೀರಿ? ಅವ್ರು ಬಂದ ತಕ್ಷಣ ಎದ್ದು ಹೋಗ್ಬಿಡಿ. ಒಂದು ಸುತ್ತು ಹೊಡ್ಕೊಂಡು ಬನ್ನಿ."

ದೊಡ್ಡಮ್ಮನಿಗೆ ಈ ವಾದ ಹಿಡಿಸಿತು. ಅಂದಿನಿಂದ ಜಾಹೀರಾತು ಬಂದ ಕೂಡಲೇ ಎದ್ದು ಅಡಿಗೆಮನೆಗೆ ಹೋಗಿ, ಸುಮಳ ಸಾರಿನ ರುಚಿ ನೋಡಿ, ಉಪ್ಪಿನ ಬಗ್ಗೆ ಒಂದು ಮಾತು ಹೇಳಿ ಬರುವುದು ರೂಢಿಯಾಯಿತು. ಆ ಚಾನೆಲ್ಲಿನಲ್ಲಿ ಜಾಹೀರಾತಿಗೇನೂ ಬರವಿರಲಿಲ್ಲ. ಸೋಪಿನವರಿಗೆ, ಬಣ್ಣದವರಿಗೆ, ತಲೆಗೆ ಹಚ್ಚುವ ಎಣ್ಣೆಯವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಸುಮ ಮಾತ್ರ ಸಾರಿಗೆ ಉಪ್ಪು ಹಾಕುವ ಮುಂಚೆ ಟಿ.ವಿ. ಕಡೆ ಕಿವಿಗೊಡುವುದನ್ನು ಕಲಿತಳು.

ಮೂರನೆಯ ತಿಂಗಳು ದೊಡ್ಡಮ್ಮ ಒಂದು ಕೋಲು ಹಿಡಿದುಕೊಂಡು ಊರಿಗೆ ಹೊರಟಳು. ವಾಕರನ್ನು ನಾನು ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹೋದೆ. ಪಾವಗಡದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಸುಮ ಸೀಟಿನ ಪಕ್ಕ ನಿಂತು ಅವಳ ಚೀಲ ಜೋಡಿಸುತ್ತಿದ್ದಳು. ನಾನು ಕಿಟಕಿಯ ಕೆಳಗೆ ನಿಂತು, ಕೊನೆಗೂ ನಿಜ ಹೇಳಿಬಿಡಬೇಕೆಂದು, "ದೊಡ್ಡಮ್ಮ, ಆಗ ಟಿ.ವಿ. ಹೋಗ್ತಿತ್ತಲ್ಲ, ಅದನ್ನ ನಾನೇ ಬೇಕು ಅಂತ ಕೆಡಿಸ್ತಿದ್ದೆ. ನೀನು ಎದ್ದು ಬರಲಿ ಅಂತ" ಎಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತು ಕಣೋ" ಎಂದಳು. "ಸಂಜೆ ಬಿಸಿಲಿಗೆ ನಿನ್ ನೆರಳೂ ತಟ್ಟೆ ನೆರಳೂ ಎದುರು ಮನೆ ಗ್ವಾಡೆ ಮ್ಯಾಲೆ ಬೀಳ್ತಿತ್ತು. ಬಾಗಿಲಾಗೆ ನಿಂತ್ರೆ ಎಲ್ಲಾ ಕಾಣ್ತಿತ್ತು. ಬಂತು ಅಂತ ನಾನು ಹೇಳಾದು, ನೀನು ಆ ಕಡೆ ಈ ಕಡೆ ನೋಡಿ ಕಳ್ಳನಂಗೆ ತಿರುಗಿಸಾದು. ಎರಡನೇ ದಿನಾನೇ ನೋಡ್ದೆ."

"ಮತ್ತೆ ಯಾಕೆ ದಿನಾ ಎದ್ದು ಬರ್ತಿದ್ದೆ?"

"ನೀನು ಅಷ್ಟು ಕಷ್ಟಪಟ್ಟು ಬಿಸಿಲಾಗೆ ನಿಂತು ಸುಳ್ಳು ಹೇಳ್ತಿದ್ದೆ. ನಾನು ಬರದೇ ಇದ್ರೆ ನಿಂಗೆ ಬೇಜಾರಾಗಲ್ವಾ?"

ಬಸ್ಸು ಹೊರಟಿತು. ನಾನೂ ಸುಮಳೂ ಮನೆಗೆ ನಡೆದು ಬಂದೆವು. ನಾನು ದೊಡ್ಡಮ್ಮನನ್ನು ನಡೆಸಿದೆ ಎಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದೆ. ಸ್ಟಾಫ್ ರೂಮಿನಲ್ಲೂ ಎರಡು ಸಲ ಹೇಳಿಕೊಂಡಿದ್ದೆ. ಅವಳು ಏಳು ವರ್ಷದ ಹುಡುಗನನ್ನು ಹೇಗೆ ಸಂಭಾಳಿಸಿದ್ದಳೋ, ಐವತ್ತೆರಡು ವರ್ಷದವನನ್ನೂ ಹಾಗೆಯೇ ಸಂಭಾಳಿಸಿ, ಬಸ್ ಹತ್ತಿ ಹೋಗಿದ್ದಳು.

ಮೊನ್ನೆ ಫೋನ್ ಮಾಡಿದ್ದಳು. ಬಶೀರ್ ಸಾಬರು ಅಲ್ಲಿಗೂ ಹೋಗಿ ಹೊಸ ಡಬ್ಬ, ತಟ್ಟೆ ಕೂರಿಸಿಕೊಟ್ಟಿದ್ದಾರಂತೆ, ಚಿತ್ರ ಕನ್ನಡಿಯಂತೆ ಬರುತ್ತಿದೆಯಂತೆ, ಮರಿಮಗು ಕೂಡ ನೋಡಿ ನಗುತ್ತದಂತೆ. "ಈ ಭಾನುವಾರ ಸುಮನ್ನ ಕರ್ಕೊಂಡು ಬಾ. ಎರಡು ದಿನ ಇದ್ದು ಹೋಗುವಂತೆ" ಎಂದಳು. ಖುಷಿಯಿಂದ ಆಗಲಿ ಎಂದೆ. ಫೋನ್ ಇಡುವ ಮುಂಚೆ ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಇದ್ದಾರೆ, ಅವರ ಮುಂದೆ ನನಗೆ ಅವಮಾನವಾಗಬಾರದು ಎಂಬಂತೆ, ಇನ್ನೊಂದು ಮಾತು ಸೇರಿಸಿದಳು. "ಬಂದು ಉಣ್ಣು, ಮಲಗು, ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಓಡಾಡು ನಾಯನಾ. ಮಾಳಿಗೆ ಮಾತ್ರ ಹತ್ತಬ್ಯಾಡ."